ಅಪಾಯ ಅಧಿಕಾರಿಯ ಅರ್ಧ ಬೋರ್ಡು

ಪುರಸಭೆಯ ನಲ್ಲಿ ವಿಭಾಗದ ಗುಮಾಸ್ತರನ್ನು ಊರಿನಲ್ಲಿ ಎಲ್ಲರೂ ಅರೆಗಣ್ಣಪ್ಪ ಎಂದೇ ಕರೆಯುತ್ತಿದ್ದರು. ಅವರ ಕಣ್ಣಿನಲ್ಲಿ ದೋಷವೇನೂ ಇರಲಿಲ್ಲ. ರೆಪ್ಪೆಗಳಿಗೆ ಮಾತ್ರ ಯಾವ ಕೆಲಸವನ್ನೂ ಪೂರ್ತಿ ಮಾಡುವ ಹಠವಿರಲಿಲ್ಲ. ಅವು ಪೂರಾ ತೆರೆಯುತ್ತಲೂ ಇರಲಿಲ್ಲ, ಪೂರಾ ಮುಚ್ಚುತ್ತಲೂ ಇರಲಿಲ್ಲ. ಎದುರಿಗೆ ಕೂತವರಿಗೆ ಈ ಮನುಷ್ಯ ಎಚ್ಚರವಾಗಿದ್ದಾರೋ ನಿದ್ದೆಯಲ್ಲಿದ್ದಾರೋ ಗೊತ್ತಾಗುತ್ತಿರಲಿಲ್ಲ. ಕೇಳಿದರೆ ಅವರಿಗೂ ಖಚಿತವಾಗಿ ಹೇಳಲಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ನೀರಿನ ಅರ್ಜಿಗಳ ನಡುವೆ ಕೂತು ಅವರ ದಿನಗಳು ಒಂದರೊಳಗೊಂದು ಕಲಸಿಹೋಗಿದ್ದವು. ಮಂಗಳವಾರ ಮುಗಿಸಿ ಮನೆಗೆ ಹೋದವರಿಗೆ ಅಲ್ಲಿ ಗುರುವಾರ ಕಾದಿರುತ್ತಿತ್ತು.

ಆ ವರ್ಷ ಈ ಊರನ್ನೂ ಒಳಗೊಂಡು ಸುತ್ತಲಿನ ಹನ್ನೊಂದು ಸಣ್ಣ ಊರುಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಏರ್ಪಾಡು ಸರಳವಾಗಿತ್ತು. ಪುರಸಭೆಯ ಹಳೇ ಮರ ಯಾರದೋ ಕಾರಿನ ಮೇಲೆ ಬಿದ್ದರೆ, ಪುರಸಭೆಯ ಗುಂಡಿಯಲ್ಲಿ ಯಾರದೋ ಕಾಲು ಮುರಿದರೆ, ಆ ಊರೊಂದೇ ಪರಿಹಾರ ಕೊಟ್ಟು ಸೊರಗುವುದು ಬೇಡ. ಹನ್ನೊಂದೂ ಊರುಗಳು ತಮ್ಮ ತಮ್ಮ ಪಾಲು ಹಾಕಿ ಒಂದು ಸಾಮೂಹಿಕ ವಿಮಾ ನಿಧಿ ಇಟ್ಟುಕೊಳ್ಳುವುದು, ಯಾರ ಗ್ರಹಚಾರ ಕೆಟ್ಟರೂ ಎಲ್ಲರೂ ಸೇರಿ ಅದರಿಂದ ಭರಿಸುವುದು. ಆದರೆ ಪಕ್ಕದೂರಿನವರ ಅಸಡ್ಡೆಗೆ ನಾವೇಕೆ ತೆರಬೇಕು ಎಂಬ ಮಾತು ಏಳುತ್ತದಲ್ಲ. ಅದಕ್ಕಾಗಿ ನಿಯಮಾವಳಿಯಲ್ಲಿ ಒಂದು ಷರತ್ತು ಹಾಕಿದ್ದರು. ಪ್ರತಿ ಊರೂ ಒಬ್ಬ ಅಪಾಯ ನಿರ್ವಹಣಾ ಅಧಿಕಾರಿಯನ್ನು ನೇಮಿಸಬೇಕು. ಊರಿನಲ್ಲಿ ಎಲ್ಲಿ ಏನು ಬೀಳಬಹುದು, ಕುಸಿಯಬಹುದು, ಸಿಡಿಯಬಹುದು ಎಂಬುದನ್ನು ಆತ ಮೊದಲೇ ಕಂಡುಹಿಡಿಯಬೇಕು.

ಪುರಸಭೆಯ ಸಭೆಯಲ್ಲಿ ಮುಖ್ಯಾಧಿಕಾರಿಗಳು ಈ ಷರತ್ತನ್ನು ಓದಿ, "ಯಾರು ವಹಿಸ್ಕೋತೀರಿ?" ಎಂದು ಕೇಳಿದರು. ಎಲ್ಲರೂ ಮೇಜಿನ ಮೇಲಿನ ನೀರಿನ ಲೋಟಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕಿಟಕಿಯ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದ ಅರೆಗಣ್ಣಪ್ಪನವರ ತಲೆ ಮೆಲ್ಲಗೆ ಮುಂದಕ್ಕೆ ಬಾಗಿತು. ಮತ್ತೆ ಎದ್ದಿತು. ಮತ್ತೆ ಬಾಗಿತು.

"ನೀವು ವಹಿಸ್ಕೋತೀರಾ?" ಎಂದು ಮುಖ್ಯಾಧಿಕಾರಿಗಳು ನೇರವಾಗಿ ಅವರನ್ನೇ ಕೇಳಿದರು.

ತಲೆ ಮೂರನೆಯ ಸಲ, ಹಿಂದಿನ ಎರಡಕ್ಕಿಂತ ಆಳವಾಗಿ ಬಾಗಿತು.

"ಎಷ್ಟು ವಿನಯ ನೋಡಿ," ಎಂದರು ಮುಖ್ಯಾಧಿಕಾರಿಗಳು. ಸಭೆ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ಎಚ್ಚರವಾದ ಅರೆಗಣ್ಣಪ್ಪನವರು ಇತರರೊಂದಿಗೆ ತಾವೂ ಚಪ್ಪಾಳೆ ತಟ್ಟಿದರು. ಆದೇಶ ಕೈಗೆ ಬಂದಾಗಲೇ ತಾವು ಯಾರನ್ನು ಅಭಿನಂದಿಸಿದ್ದು ಎಂದು ಅವರಿಗೆ ತಿಳಿದದ್ದು.

ಸಂಬಳದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಮನೆಯಲ್ಲಿ ಮಾತ್ರ ಭಾರೀ ವ್ಯತ್ಯಾಸವಾಯಿತು. ಆದೇಶದ ಕಾಗದವನ್ನು ಅವರ ಹೆಂಡತಿ ಎರಡು ಸಲ ಓದಿದರು.

"ಅಧಿಕಾರಿ ಅಂತ ಬರೆದಿದೆಯಲ್ರೀ."

"ಬರೆದಿದೆ. ಕೆಲಸ ಹಳೇದೇ."

"ಕೆಲಸ ಯಾವುದಾದ್ರೂ ಇರ್ಲಿ. ಗೇಟಿಗೆ ಒಂದು ಬೋರ್ಡು ಬೇಕು. ನನ್ನ ತಮ್ಮನಿಗೆ ಹೇಳ್ತೀನಿ."

ಆಕೆಯ ತಮ್ಮ ಬೋರ್ಡು ಬರೆಯುವ ಪೇಂಟರು. ಅಕ್ಷರ ಎಂದರೆ ದೂರದಿಂದ ಕಾಣಬೇಕು ಎಂಬುದು ಅವನ ಜೀವನದ ತತ್ವ. ಹತ್ತಿರ ಬಂದವರಿಗೆ ಹೇಗೂ ಕಾಣುತ್ತದೆ, ಅದರಲ್ಲಿ ಕಲೆಯೇನು ಬಂತು ಎನ್ನುತ್ತಿದ್ದ. ಅಕ್ಕನ ಮಾತಿಗೆ ಅವನು ಅಗಲವಾದ ಒಂದು ಹಲಗೆ ತಂದು, ಬಿಳಿ ಬಣ್ಣ ಬಳಿದು, ಕೆಂಪು ಬಣ್ಣದಲ್ಲಿ ಗೇಣುದ್ದದ ಅಕ್ಷರಗಳನ್ನು ಬರೆಯತೊಡಗಿದ. ಮೂರನೆಯ ಅಕ್ಷರಕ್ಕೆ ಹಲಗೆ ಮುಗಿಯಿತು.

"ಭಾವ, ನಿಮ್ಮ ಹುದ್ದೆ ದೊಡ್ಡದಾಯ್ತು," ಎಂದ. "ಚಿಂತೆ ಬೇಡ. ಉಳಿದದ್ದು ಇನ್ನೊಂದು ಹಲಗೇಲಿ ಬರುತ್ತೆ. ಎರಡನ್ನೂ ಜೋಡಿಸಿದ್ರೆ ಬೀದಿ ಕೊನೆಯಿಂದ ಓದ್ಬಹುದು."

ಮರುದಿನವೇ ಅವನಿಗೆ ದೂರದ ಊರಿನಲ್ಲಿ ಒಂದು ಗಿರಣಿಯ ಗೋಡೆಗಳನ್ನೆಲ್ಲ ಬರೆಯುವ ಕೆಲಸ ಸಿಕ್ಕಿತು. ಹೋಗುವ ಅವಸರದಲ್ಲೇ ಮೊದಲ ಹಲಗೆಯನ್ನು ಆರು ಸ್ಕ್ರೂ ಹಾಕಿ ಗೇಟಿಗೆ ಬಿಗಿದು, "ಮೂರು ವಾರ, ಅಷ್ಟೇ," ಎಂದು ಹೇಳಿ ಬಸ್ಸು ಹತ್ತಿದ.

ಹೀಗೆ ಅರೆಗಣ್ಣಪ್ಪನವರ ಮನೆಯ ಗೇಟಿನ ಮೇಲೆ, ಕಡುಗೆಂಪು ಬಣ್ಣದಲ್ಲಿ, ಬೀದಿಯ ಎರಡೂ ತುದಿಗೆ ಕಾಣುವಂತೆ "ಅಪಾಯ" ಎಂಬ ಒಂದೇ ಮಾತು ಉಳಿಯಿತು.

ಅರೆಗಣ್ಣಪ್ಪನವರ ಕಣ್ಣಿಗೆ ಅದು ಅರ್ಧ ಹುದ್ದೆಯಾಗಿ ಕಾಣುತ್ತಿತ್ತು. ಅವರ ಹೆಂಡತಿಯ ಕಣ್ಣಿಗೆ ತಮ್ಮನ ಕೈಬರಹವಾಗಿ ಕಾಣುತ್ತಿತ್ತು. ಬೇರೆಯವರ ಕಣ್ಣಿಗೆ ಅದು ಏನು ಬರೆದಿತ್ತೋ ಹಾಗೆಯೇ ಕಾಣುತ್ತಿತ್ತು. ಬೀದಿಯಲ್ಲಿ ಓದುಬರಹ ಬಲ್ಲವರು ಎಷ್ಟಿದ್ದಾರೆಂಬುದು ಆ ವಾರವೇ ಗೊತ್ತಾದದ್ದು.

ಹಾಲಿನವನು ಒಳಗೆ ಕಚ್ಚುವ ನಾಯಿ ಇದೆ ಎಂದುಕೊಂಡು ಪ್ಯಾಕೆಟ್ಟನ್ನು ಬೀದಿಯ ತಿರುವಿನಲ್ಲೇ ಇಟ್ಟು ಓಡಿದ. ಅಂಚೆಯವರು ಗೇಟಿನಲ್ಲಿ ಕರೆಂಟು ಹರಿಯುತ್ತಿದೆ ಎಂದು ತೀರ್ಮಾನಿಸಿದರು; ಕಬ್ಬಿಣ ಮುಟ್ಟಿ ಮಾತ್ರ ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಎದುರುಮನೆಯಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯಿನಿ ಇದ್ದರು. ಟೀಚರಮ್ಮ ಎಂದರೆ ಊರಿಗೆಲ್ಲ ಗೊತ್ತು, ಊರಿನ ಅರ್ಧದಷ್ಟು ಜನರ ಕಿವಿ ಅವರ ಕೈಗೆ ಗೊತ್ತು. ಅವರು ಕಿಟಕಿಯಲ್ಲಿ ಕೂತು ನೋಡಿ, ಇದು ಅಂಟುರೋಗವೇ ಸರಿ ಎಂದು ನಿರ್ಧರಿಸಿದರು. ಅದಕ್ಕೆ ಆಧಾರವೂ ಇತ್ತು. "ಆ ಮನುಷ್ಯನ ಕಣ್ಣು ನೋಡಿದ್ದೀರಲ್ಲ, ಜ್ವರ ಇಲ್ದೆ ಹಾಗಿರೋಕೆ ಸಾಧ್ಯವೇ?"

ತರಕಾರಿ ಗಾಡಿಗಳು ಪಕ್ಕದ ಬೀದಿಗೆ ಹೋದವು. ಸ್ಕೂಟರುಗಳು ಬಳಸುದಾರಿ ಹಿಡಿದವು. ಪುರಸಭೆಯ ಒಳಗೂ ಸುದ್ದಿ ತಲುಪಿತು. ರಸ್ತೆ ವಿಭಾಗದವರು ಬೋರ್ಡು ಹಾಕಿದ್ದು ವಿದ್ಯುತ್ ಇಲಾಖೆ ಎಂದುಕೊಂಡರು. ವಿದ್ಯುತ್ತಿನವರು ಆರೋಗ್ಯ ವಿಭಾಗ ಎಂದುಕೊಂಡರು. ಯಾರೋ ತಿಳಿದವರೇ ಹಾಕಿರಬೇಕು ಎಂಬ ನಂಬಿಕೆಯಿಂದ ಮುಖ್ಯಾಧಿಕಾರಿಗಳು ಬೀದಿಯ ಎರಡೂ ತುದಿಗೆ ಡ್ರಮ್ಮುಗಳನ್ನು ಅಡ್ಡ ಇಡಿಸಿ, ಶಾಲಾ ಬಸ್ಸಿಗೆ ಬೇರೆ ದಾರಿ ಹೇಳಿ, ಹೊಸ ಅಧಿಕಾರಿಗೆ ಒಂದು ಪತ್ರ ಬರೆದರು. "ನೀವು ವಾಸವಾಗಿರುವ ಬೀದಿಯಲ್ಲಿ ಅಪಾಯವಿದ್ದು, ಸದರಿ ಅಪಾಯ ಯಾವುದೆಂದು ಪರಿಶೀಲಿಸಿ ಕೂಡಲೇ ವರದಿ ಮಾಡುವುದು."

ಅರೆಗಣ್ಣಪ್ಪನವರು ಪತ್ರ ಓದಿ ಗಾಬರಿಯಾದರು. ಅವರ ಕಚೇರಿ ಮನೆಯ ಹಿತ್ತಿಲಿಗೆ ತಾಗಿಕೊಂಡೇ ಇತ್ತು; ಹಿಂದಿನ ಓಣಿಯಲ್ಲಿ ಹೋಗಿ ಬರುತ್ತಿದ್ದವರಿಗೆ ಬೀದಿಯ ಕಡೆ ಇಷ್ಟೆಲ್ಲ ಆದದ್ದು ಗೊತ್ತಿರಲಿಲ್ಲ. ಕೂಡಲೇ ಮುಂಬಾಗಿಲಿನಿಂದ ಹೊರಗೆ ಬಂದು ಒಂದೊಂದೇ ಕಂಬ, ಗೋಡೆ, ಚರಂಡಿ ನೋಡುತ್ತಾ ನಡೆದರು. ಟೀಚರಮ್ಮನ ಕಿಟಕಿಯ ಕೆಳಗೆ ನಿಂತು ಕೇಳಿದರು:

"ಟೀಚರ್, ನಮ್ಮ ಬೀದೀಲಿ ಏನೋ ಅಪಾಯ ಇದೆಯಂತೆ. ನಿಮಗೇನಾದ್ರೂ ಗೊತ್ತಾ?"

ಟೀಚರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನೀವು ಒಳಗೆ ಹೋಗಿ ಮಲಗ್ರಪ್ಪ," ಎಂದರು.

"ಮಲಗಿದ್ರೆ ಹುಡುಕೋದು ಯಾರು?"

"ಪಾಪ," ಎಂದು ಟೀಚರಮ್ಮ ಕಿಟಕಿ ಹಾಕಿಕೊಂಡರು.

ನಾಲ್ಕು ದಿನ ಹುಡುಕಿ ಅರೆಗಣ್ಣಪ್ಪನವರು ವರದಿ ಬರೆದರು: "ಅಪಾಯವು ಇದುವರೆಗೆ ಪತ್ತೆಯಾಗಿರುವುದಿಲ್ಲ. ಆದರೆ ಜನರ ನಡವಳಿಕೆ ನೋಡಿದರೆ ಗಂಭೀರವಾದದ್ದೇ ಇರಬೇಕೆಂದು ತೋರುತ್ತದೆ. ಹುಡುಕಾಟ ಮುಂದುವರಿದಿದೆ." ಇದನ್ನು ಬರೆಯುವಾಗಲೂ ಅವರಿಗೆ ತಮ್ಮ ಗೇಟಿನ ನೆನಪು ಬರಲಿಲ್ಲ. ತನ್ನ ಹೆಸರು ತಾನು ಓದುವುದುಂಟೇ.

ಇತ್ತ ಬೀದಿ ಬದಲಾಗತೊಡಗಿತು. ಮೊದಲ ವಾರ ಅದು ಬರೀ ಖಾಲಿಯಾಗಿತ್ತು. ಎರಡನೆಯ ವಾರಕ್ಕೆ ಅದು ಬೇರೆ ಜಾಗವೇ ಆಯಿತು. ಡಾಂಬರಿನ ಬಿರುಕುಗಳಲ್ಲಿ ಹುಲ್ಲು ತಲೆ ಎತ್ತಿತು. ಎಲ್ಲಿಂದಲೋ ಬಂದ ಒಂದು ಬೆಕ್ಕು ನಡುರಸ್ತೆಯಲ್ಲಿ ಮೈಚಾಚಿ ಮಲಗಿ, ಬಿಸಿಲು ಸರಿದಂತೆ ತಾನೂ ಉರುಳಿ ಸರಿಯುತ್ತಿತ್ತು. ತಂತಿಯ ಮೇಲೆ ಹಕ್ಕಿ ಕೂತರೆ ತಂತಿ ತೂಗುವ ಸದ್ದು ಕೇಳುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಒಂದು ಎಲೆ ಬಿದ್ದರೆ ಬೀದಿಯಲ್ಲಿ ಅದೇ ಆ ದಿನದ ದೊಡ್ಡ ಘಟನೆ. ಮನೆಮನೆಯಲ್ಲೂ ಜನ ಕಾರಣವಿಲ್ಲದೆ ಮೆಲುದನಿಯಲ್ಲಿ ಮಾತಾಡತೊಡಗಿದರು. ಜಗಳಗಳು ಕೂಡ ಪಿಸುಮಾತಿನಲ್ಲಿ ನಡೆದು, ಪಿಸುಮಾತಿನಲ್ಲಿ ಬಯ್ಯಲು ಬಾರದೆ ನಡುವೆಯೇ ನಿಂತುಹೋದವು.

ಅರೆಗಣ್ಣಪ್ಪನವರು ಊಟಕ್ಕೆ ಮನೆಗೆ ಬಂದಾಗ ಮುಂದಿನ ಕೋಣೆಯ ತಣ್ಣನೆಯ ನೆಲದ ಮೇಲೆ ಅರ್ಧ ಗಂಟೆ ಒರಗುತ್ತಿದ್ದರು. ಒಂದು ದಿನ ಹಾಗೆ ಒರಗಿದಾಗ ಅವರ ಅರ್ಧ ನಿದ್ದೆಯೊಳಗೆ ಒಂದು ಹೊಳೆ ಹರಿಯಿತು. ದೊಡ್ಡ ಹೊಳೆಯಲ್ಲ. ಕಲ್ಲುಗಳ ಮೇಲೆ ಗುಟ್ಟು ಹೇಳಿಕೊಂಡು ಹೋಗುವ ಸಣ್ಣ ಹೊಳೆ. ಅದರಲ್ಲಿ ನಲ್ಲಿ ಅರ್ಜಿಗಳೆಲ್ಲ ದೋಣಿಗಳಾಗಿ ಸಾಲಾಗಿ ತೇಲಿಹೋದವು. ಅವರಿಗೆ ಬಹಳ ಹಿತವೆನಿಸಿತು. ಮರುದಿನವೂ ಅದೇ ಹೊಳೆ ಬಂತು. ಮೂರನೆಯ ದಿನ ಅವರು ನಿದ್ದೆ ಬರುವ ಮೊದಲೇ ಅದು ಬಂತು.

"ನಿನಗೆ ನೀರಿನ ಸದ್ದು ಕೇಳಿಸ್ತಾ ಇದೆಯಾ?" ಎಂದು ಅವರು ಹೆಂಡತಿಯನ್ನು ಕೇಳಿದರು.

"ನಾಲ್ಕು ದಿನದಿಂದ ಕೇಳಿಸ್ತಾ ಇದೆ. ನಿಮ್ಮ ಗೊರಕೆ ಹೊಸ ರಾಗ ಹಿಡಿದಿದೆ ಅಂದ್ಕೊಂಡಿದ್ದೆ."

ಆಕೆ ಬಂದು ಪಕ್ಕದಲ್ಲಿ ಮಲಗಿ ನೆಲಕ್ಕೆ ಕಿವಿ ಇಟ್ಟರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಡುಹಗಲಲ್ಲಿ ಇಬ್ಬರೂ ಹೀಗೆ ಒಂದೇ ಕಡೆ ಮುಖ ಮಾಡಿ ಸುಮ್ಮನೆ ಮಲಗಿದ್ದು ಇದೇ ಮೊದಲು. 

"ಚೆನ್ನಾಗಿದೆ," ಎಂದರು ಆಕೆ.

"ಚೆನ್ನಾಗಿದೆ," ಎಂದ ಅರೆಗಣ್ಣಪ್ಪನವರು, ಎದ್ದು ಕೂತರು. "ಆದ್ರೆ ನಮ್ಮ ಬೀದಿಗೆ ನೀರು ಬಿಡೋದು ಬೆಳಿಗ್ಗೆ ಆರರಿಂದ ಏಳು. ಈಗ ಇಲ್ಲಿ ನೀರಿನ ಸದ್ದು ಬರ್ಬಾರ್ದು."

ಅವರಿಗೆ ತಿಳಿದ ಒಂದೇ ವಿಷಯ ಅದು. ರಸ್ತೆಯ ಅಡಿಯಲ್ಲಿ ಊರಿನ ಟ್ಯಾಂಕಿಗೆ ಹೋಗುವ ದೊಡ್ಡ ಪೈಪು ಇತ್ತು. ಅದರಲ್ಲಿ ಹಗಲೆಲ್ಲ ನೀರು ಇರುತ್ತದೆ, ಆದರೆ ತುಂಬಿದ ಪೈಪು ಸದ್ದು ಮಾಡುವುದಿಲ್ಲ. ಸದ್ದು ಬರುತ್ತಿದೆ ಎಂದರೆ ನೀರು ಪೈಪಿನ ಹೊರಗೆ ಹರಿಯುತ್ತಿದೆ. ಹೊರಗೆ ಹರಿಯುತ್ತಿದೆ ಎಂದರೆ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದೆ. ಹೀಗೆ ಒಂದಾದ ಮೇಲೊಂದು ಯೋಚನೆ ಮಾಡುತ್ತಾ ಹೋದಂತೆ, ಅವರ ಹೆಂಡತಿ ಆಮೇಲೆ ಆಣೆ ಮಾಡಿ ಹೇಳಿದ ಹಾಗೆ, ಅವರ ಕಣ್ಣುಗಳು ಪೂರಾ ತೆರೆದವು.

ಅವರು ಚಪ್ಪಲಿ ಹುಡುಕುತ್ತಿರುವಾಗಲೇ ಗೇಟಿನ ಹೊರಗೆ ಒಂದು ಜೀಪು ಬಂದು ನಿಂತಿತು. ಬೀದಿ ಮುಚ್ಚಿದ ಸುದ್ದಿ ಒಕ್ಕೂಟಕ್ಕೆ ಮುಟ್ಟಿ, ಅಲ್ಲಿಂದ ಪರಿಶೀಲಕಿಯೊಬ್ಬರು ಬಂದಿದ್ದರು. ಕನ್ನಡಕ ಹಾಕಿದ, ಮಿತ ಮಾತಿನ ಹೆಂಗಸು. ಹನ್ನೊಂದು ಊರಿನ ಬಿದ್ದ ಗೋಡೆ ಮುರಿದ ಕಂಬಗಳನ್ನೆಲ್ಲ ನೋಡಿ ನೋಡಿ ಅವರಿಗೆ ಯಾವುದರಿಂದಲೂ ಆಶ್ಚರ್ಯವಾಗುತ್ತಿರಲಿಲ್ಲ. ಜೊತೆಗೆ ಮುಖ್ಯಾಧಿಕಾರಿಗಳು ಇದ್ದರು. ಬೀದಿಯವರೆಲ್ಲ ದೂರದಲ್ಲಿ ಗುಂಪುಗೂಡಿದ್ದರು.

ಪರಿಶೀಲಕಿ ಗೇಟಿನ ಮುಂದೆ ನಿಂತು ಬೋರ್ಡನ್ನು ನೋಡಿ ಕೇಳಿದರು: "ಇದರ ಉಳಿದ ಭಾಗ ಎಲ್ಲಿ?"

"ಇನ್ನೊಂದು ಹಲಗೇಲಿ ಬರುತ್ತೆ ಮೇಡಂ," ಎಂದರು ಅರೆಗಣ್ಣಪ್ಪನವರು. "ನಿರ್ವಹಣಾ ಅಧಿಕಾರಿ ಅಂತ. ನಮ್ಮ ಭಾವಮೈದ ಊರಲ್ಲಿಲ್ಲ."

 ಮೊದಲು ಅಂಚೆಯವರು ನಕ್ಕರು. ಹಾಲಿನವನು ನಕ್ಕ. ನಗು ಡ್ರಮ್ಮುಗಳ ಆಚೆಗೂ ಹಬ್ಬಿ, ಸುದ್ದಿ ಇನ್ನೂ ತಲುಪದವರೂ ಮುಂಗಡವಾಗಿ ನಕ್ಕರು. ಟೀಚರಮ್ಮ ಮಾತ್ರ ನಗಲಿಲ್ಲ. ಹದಿನೇಳು ದಿನ ಅವರು ಮೂಗು ಮುಚ್ಚಿಕೊಂಡು ಉಸಿರಾಡಿದ್ದರು.

ಮುಖ್ಯಾಧಿಕಾರಿಗಳ ಮುಖ ಬೋರ್ಡಿನ ಅಕ್ಷರಗಳ ಬಣ್ಣಕ್ಕೆ ಬಂತು. "ಬೋರ್ಡು ನಿಮ್ಮದು, ಬೀದಿ ನಿಮ್ಮದು, ಅಪಾಯ ಪತ್ತೆಯಾಗಿಲ್ಲ ಅಂತ ವರದಿ ಬೇರೆ ಬರೆದಿದ್ದೀರಲ್ರೀ."

"ಆವಾಗ ಪತ್ತೆಯಾಗಿರಲಿಲ್ಲ ಸಾರ್. ಈಗ ಆಯ್ತು. ನಮ್ಮ ರಸ್ತೆ ಕೆಳಗೆ ಹೊಳೆ ಇದೆ."

"ಹೊಳೆ."

"ಎರಡು ದಿನದಿಂದ ಕನಸಲ್ಲಿ ಬರ್ತಾ ಇತ್ತು. ಇವತ್ತು ಎಚ್ಚರವಾಗಿದ್ದಾಗ್ಲೂ ಬಂತು."

ಅದನ್ನು ಅವರು ಇದಕ್ಕಿಂತ ಕೆಟ್ಟದಾಗಿ ಹೇಳಲು ಸಾಧ್ಯವಿರಲಿಲ್ಲ. ಎರಡನೆಯ ನಗು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಮುಖ್ಯಾಧಿಕಾರಿಗಳು ಪರಿಶೀಲಕಿಯ ಕಡೆ ತಿರುಗಿ, "ಕ್ಷಮಿಸಿ ಮೇಡಂ, ಇವರಿಗೆ ಸ್ವಲ್ಪ ವಿಶ್ರಾಂತಿ ಬೇಕು," ಎಂದು ಹೇಳಿ, ಡ್ರಮ್ಮುಗಳನ್ನು ಈಗಲೇ ತೆಗೆಯಬೇಕೆಂದು ಆಜ್ಞೆ ಮಾಡಿದರು. ಹೊತ್ತು ಮೂರು ದಾಟಿತ್ತು. ಶಾಲಾ ಬಸ್ಸು ಆಗಲೇ ತಿರುವಿನಲ್ಲಿತ್ತು. ಡ್ರಮ್ಮು ಸರಿದದ್ದು ಕಂಡ ಡ್ರೈವರು, ಸುತ್ತುದಾರಿ ತಪ್ಪಿತೆಂಬ ಸಂತೋಷದಲ್ಲಿ, ಬಸ್ಸನ್ನು ಬೀದಿಯೊಳಗೆ ತಿರುಗಿಸಿದ.

ಅರೆಗಣ್ಣಪ್ಪನವರು ಯಾರೊಂದಿಗೂ ವಾದ ಮಾಡಲಿಲ್ಲ. ತಾವು ಕೇಳಿದ್ದು ನಿಜವೇ ಎಂದು ಅವರಿಗೇ ಅನುಮಾನ ಬಂದಿತ್ತು. ಇಷ್ಟು ಜನ ನಗುವಾಗ ಯಾರಿಗೆ ತಾನೇ ಬರುವುದಿಲ್ಲ. ಇನ್ನೊಂದು ಸಲ ಕೇಳಿ ನೋಡೋಣವೆಂದು ನಡುರಸ್ತೆಗೆ ಹೋಗಿ, ಮಂಡಿಯೂರಿ, ಬೆಚ್ಚಗಿನ ಡಾಂಬರಿನ ಮೇಲೆ ಎಡಗಿವಿ ಇಟ್ಟು ಮಲಗಿಬಿಟ್ಟರು. ಬಸ್ಸು ಬರುತ್ತಿದೆ ಎಂಬುದು ಅವರ ಗಮನದಲ್ಲೇ ಇರಲಿಲ್ಲ.

ಬಸ್ಸು ಹತ್ತು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು. ಡ್ರೈವರು ಹಾರ್ನು ಒತ್ತಿದ.

"ಹಾರ್ನ್ ಹೊಡೀಬೇಡಿ," ಎಂದರು ಅರೆಗಣ್ಣಪ್ಪನವರು ಮಲಗಿದಲ್ಲಿಂದಲೇ. "ಕೇಳಿಸಲ್ಲ."

"ಏಳಿ ಸಾರ್, ಮಕ್ಕಳಿದ್ದಾರೆ."

"ಹಾಗಿದ್ರೆ ಎಂಜಿನ್ನೂ ನಿಲ್ಸಿ."

ಮುಖ್ಯಾಧಿಕಾರಿಗಳು ಬಾಯಿ ತೆರೆಯುವಷ್ಟರಲ್ಲಿ ಪರಿಶೀಲಕಿ ಡ್ರೈವರಿಗೆ ಕೈಸನ್ನೆ ಮಾಡಿದರು. ಎಂಜಿನ್ನು ನಿಂತಿತು. ಆಕೆ ಕನ್ನಡಕ ತೆಗೆದು ಕೈಚೀಲಕ್ಕೆ ಹಾಕಿ, ಫೈಲನ್ನು ರಸ್ತೆಯ ಮೇಲಿಟ್ಟು, ಅದರ ಪಕ್ಕದಲ್ಲಿ ತಾವೂ ಮಲಗಿ ನೆಲಕ್ಕೆ ಕಿವಿಗೊಟ್ಟರು. ಜನರ ನಗು ದಾರಿ ತಪ್ಪಿದ ಹಾಗೆ ಅಲ್ಲಲ್ಲೇ ನಿಂತಿತು. ಒಂದು ನಿಮಿಷವಾಯಿತು. ಎರಡಾಯಿತು.

ಟೀಚರಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಬಿಗಿದುಕೊಂಡು ಅವರೂ ಬಂದು ಮಲಗಿದರು. ಹಿಂದೆಯೇ ಹಾಲಿನವನು. ಆಮೇಲೆ ಅಂಚೆಯವರು, ಚೀಲವನ್ನು ದಿಂಬು ಮಾಡಿಕೊಂಡು. ಐದೇ ನಿಮಿಷದಲ್ಲಿ ಬೀದಿಯ ಜನವೆಲ್ಲ ಇಳಿಬಿಸಿಲಿನಲ್ಲಿ ರಸ್ತೆಗೆ ಕಿವಿ ಇಟ್ಟು ಮಲಗಿತ್ತು. ಬೆಕ್ಕು ಒಂದು ಸಲ ತಲೆ ಎತ್ತಿ ನೋಡಿ, ಇವರಿಗೆ ಈಗಾದರೂ ಬುದ್ಧಿ ಬಂತಲ್ಲ ಎಂಬಂತೆ ಮತ್ತೆ ಮಲಗಿತು. ಕೊನೆಗೆ ನಿಂತು ಉಳಿದವರು ಮುಖ್ಯಾಧಿಕಾರಿಗಳು ಒಬ್ಬರೇ. ಎಲ್ಲರೂ ಮಲಗಿರುವಾಗ ಒಬ್ಬರೇ ನಿಂತಿರುವುದು ಅಧಿಕಾರದ ಲಕ್ಷಣವೋ ಪೆದ್ದುತನದ ಲಕ್ಷಣವೋ ಎಂದು ಯೋಚಿಸಿ, ಕರವಸ್ತ್ರ ಹಾಸಿಕೊಂಡು ಅವರೂ ಮಲಗಿದರು.

ಕೆಳಗೆ, ಎಲ್ಲೋ ಆಳದಲ್ಲಿ, ಅವಸರವಿಲ್ಲದೆ ನೀರು ಹರಿಯುತ್ತಿತ್ತು. ನಡುನಡುವೆ ಹಿಡಿಮಣ್ಣು ಅದಕ್ಕೆ ಉದುರುವ ಸದ್ದೂ ಕೇಳುತ್ತಿತ್ತು. ಕೆಲವರು ಕಣ್ಣು ಮುಚ್ಚಿಕೊಂಡರು. ಟೀಚರಮ್ಮ, "ಎಷ್ಟು ಚೆನ್ನಾಗಿದೆ," ಎಂದು ಪಿಸುಗುಟ್ಟಿದರು.

ಪರಿಶೀಲಕಿಯ ದನಿ ಅಷ್ಟೇ ಮೆಲ್ಲಗೆ ಕೇಳಿಸಿತು: "ನಾವು ಮಲಗಿರೋ ಜಾಗದ ಕೆಳಗೆ ಟೊಳ್ಳಾಗಿದೆ. ಎಲ್ಲರೂ ಮೆಲ್ಲಗೆ ಏಳಿ. ಓಡಬೇಡಿ. ಒಬ್ಬೊಬ್ಬರೇ ಅಂಚಿಗೆ ನಡೀರಿ. ಡ್ರೈವರ್, ಬಸ್ಸನ್ನ ಹಿಂದಕ್ಕೆ ತಗೊಳ್ಳಿ."

ಬೆಕ್ಕನ್ನು ಅರೆಗಣ್ಣಪ್ಪನವರ ಹೆಂಡತಿ ಎತ್ತಿಕೊಂಡರು. ಅರೆಗಣ್ಣಪ್ಪನವರು ಕಚೇರಿಯಿಂದ ಉದ್ದನೆಯ ವಾಲ್ವ್ ಸಲಾಕೆ ತಂದು, ತಿರುವಿನಲ್ಲಿದ್ದ ವಾಲ್ವಿನ ಗುಂಡಿಯಲ್ಲಿ ಇಳಿಸಿ, ಬೆವರು ಸುರಿಸಿ ತಿರುಗಿಸಿದರು. ಹೊಳೆ ಕ್ಷೀಣವಾಗಿ, ತೊದಲಿ, ನಿಂತಿತು. ಎಲ್ಲರೂ ಅಂಚಿನಲ್ಲಿ ನಿಂತು ಖಾಲಿ ರಸ್ತೆಯನ್ನೇ ನೋಡುತ್ತಿದ್ದರು. ಅರ್ಧ ಗಂಟೆ ಏನೂ ಆಗಲಿಲ್ಲ. ಮುಖ್ಯಾಧಿಕಾರಿಗಳು ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು. ಆಗ ರಸ್ತೆ, ದಿನವೆಲ್ಲ ದುಡಿದು ಬಂದವರು ಮೆತ್ತನೆಯ ಕುರ್ಚಿಯಲ್ಲಿ ಕೂರುವ ಹಾಗೆ, ಒಂದು ದೀರ್ಘ ನಿಟ್ಟುಸಿರಿನೊಂದಿಗೆ ಕೆಳಗೆ ಕೂತಿತು. ಬಸ್ಸೊಂದು ನಿಲ್ಲುವಷ್ಟು ಅಗಲ, ಎರಡಾಳು ಆಳ. ಅಂಚಿನಲ್ಲಿದ್ದ ಗೇಟೂ ಬೋರ್ಡಿನ ಸಮೇತ ಒಳಗಿಳಿಯಿತು.

 ಬಸ್ಸಿನ ಡ್ರೈವರು ಮೆಟ್ಟಿಲ ಮೇಲೆ ಕೂತು ಒಳಗಿದ್ದ ಮಕ್ಕಳನ್ನು ಒಂದು, ಎರಡು ಎಂದು ಎಣಿಸಿದ. ಮೂವತ್ತನಾಲ್ಕಾಯಿತು. ಮತ್ತೆ ಮೊದಲಿಂದ ಎಣಿಸಿದ. ಅರೆಗಣ್ಣಪ್ಪನವರು ಸಲಾಕೆಯನ್ನು ಇನ್ನೂ ಕೈಯಲ್ಲೇ ಹಿಡಿದು ನಿಂತಿದ್ದರು. ಹೆಂಡತಿ ಬಂದು ಅದರ ಇನ್ನೊಂದು ತುದಿ ಹಿಡಿದುಕೊಂಡರು.

ಒಕ್ಕೂಟದ ನಮೂನೆ ತುಂಬುವಾಗ ಮುಖ್ಯಾಧಿಕಾರಿಗಳಿಗೆ ಸಂಕಟವಾಯಿತು. "ಗಾಯಗೊಂಡವರು" ಎಂಬ ಜಾಗದಲ್ಲಿ ಬರೆಯಲು ಯಾರೂ ಇರಲಿಲ್ಲ. "ಜಖಂ ಆದ ವಾಹನಗಳು" ಇರಲಿಲ್ಲ. "ಇಷ್ಟು ದೊಡ್ಡ ಗುಂಡಿ ಬಿದ್ದು ಒಬ್ಬರಿಗೂ ಏನೂ ಆಗಿಲ್ಲ ಅಂದ್ರೆ ಮೇಲಿನವರು ನಂಬ್ತಾರಾ?" ಎಂದು ಅವರು ಪರಿಶೀಲಕಿಯನ್ನು ಕೇಳಿದರು. ಆಕೆ ನಮೂನೆ ತೆಗೆದುಕೊಂಡು ಅಂಥ ಪ್ರತಿ ಸಾಲಿನಲ್ಲೂ ದುಂಡಾದ ಅಕ್ಷರದಲ್ಲಿ "ಇಲ್ಲ" ಎಂದು ಬರೆದರು. ಕೊನೆಯ "ಇಲ್ಲ" ಬರೆದ ಮೇಲೆ ಕಾಗದವನ್ನು ದೂರ ಹಿಡಿದು ನೋಡಿ, "ಹತ್ತು ವರ್ಷದಲ್ಲಿ ಇಂಥ ನಮೂನೆ ನಾನು ತುಂಬಿರ್ಲಿಲ್ಲ," ಎಂದರು.

ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಉಳಿದ ಹತ್ತು ಊರಿನ ಅಪಾಯ ಅಧಿಕಾರಿಗಳ ಮುಂದೆ ಅರೆಗಣ್ಣಪ್ಪನವರನ್ನು ನಿಲ್ಲಿಸಿ, ಯಾವ ವಿಧಾನದಿಂದ ಕಂಡುಹಿಡಿದಿರಿ, ಯಾವ ಉಪಕರಣ ಬಳಸಿದಿರಿ ಎಂದು ಕೇಳಿದರು. ಸುಳ್ಳು ಹೇಳಲು ಬೇಕಾದ ಚುರುಕು ಅವರಲ್ಲಿರಲಿಲ್ಲ. "ಹದಿನೇಳು ದಿನ ನಮ್ಮ ಬೀದಿಗೆ ಯಾರೂ ಬರ್ಲಿಲ್ಲ. ಸದ್ದಿರ್ಲಿಲ್ಲ. ಮಲಗಿದ್ದೆ, ಕೇಳಿಸ್ತು," ಎಂದರು.

ಸಭೆ ಇದನ್ನು ಬಹಳ ಗಂಭೀರವಾಗಿ ಚರ್ಚಿಸಿತು. ಎರಡು ಉಪಸಮಿತಿಗಳು ಕೂತೆದ್ದವು. ಕೊನೆಗೆ ಒಂದು ನಿರ್ಣಯವಾಯಿತು. ಹನ್ನೊಂದೂ ಊರುಗಳಲ್ಲಿ, ತಿಂಗಳಿಗೊಂದು ಮಧ್ಯಾಹ್ನ, ಸರದಿಯಂತೆ ಒಂದೊಂದು ಬೀದಿಯ ಸಂಚಾರ ನಿಲ್ಲಿಸಿ, ಅಧಿಕಾರಿಗಳೂ ನಿವಾಸಿಗಳೂ ಒಂದು ಗಂಟೆ ಕಾಲ ನೆಲಕ್ಕೆ ಕಿವಿಗೊಟ್ಟು ಮಲಗತಕ್ಕದ್ದು. ಕೇಳಿಸಿದ್ದನ್ನು ಲಿಖಿತವಾಗಿ ವರದಿ ಮಾಡತಕ್ಕದ್ದು.

ಮೊದಲ ತಿಂಗಳಿನ ವರದಿಗಳು ಬಂದಾಗ ಪರಿಶೀಲಕಿ ಅವನ್ನು ಅರೆಗಣ್ಣಪ್ಪನವರಿಗೆ ಓದಲು ಕಳಿಸಿದರು. ಮೂರು ಊರುಗಳಲ್ಲಿ ನೀರು ಸೋರುವುದು ಸಿಕ್ಕಿತ್ತು. ಒಂದರಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಯೊಂದು ಸಿಕ್ಕಿತ್ತು. ಇನ್ನೊಂದರಲ್ಲಿ ಅಧಿಕಾರಿಗೆ ನಿದ್ದೆ ಹತ್ತಿ, ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಎಲ್ಲಕ್ಕಿಂತ ಸಣ್ಣ ಊರಿನಿಂದ ಬಂದ ವರದಿಯಲ್ಲಿ ಎರಡೇ ಸಾಲುಗಳಿದ್ದವು. ಅರೆಗಣ್ಣಪ್ಪನವರು ಅದನ್ನು ಮನೆಗೆ ತಂದು, ಗೇಟಿಲ್ಲದ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ಹೆಂಡತಿಗೆ ಓದಿ ಹೇಳಿದರು:

"ನಿಗದಿಯಾದ ಬೀದಿಯಲ್ಲಿ ಸಾರ್ವಜನಿಕರು ಒಂದು ಗಂಟೆ ಮಲಗಿ ಕೇಳಿದ್ದು, ಏನೂ ಕೇಳಿಸಿರುವುದಿಲ್ಲ. ಆದಾಗ್ಯೂ ನಾಳೆಯೇ ಮತ್ತೊಮ್ಮೆ ಕೇಳಬೇಕೆಂದು ಇಡೀ ಊರಿನ ಒತ್ತಾಯವಿರುತ್ತದೆ."